ಊದಬಾರದ ಕಲ್ಲು

“ಅದರ ಮೇಲೆ ಮಾತ್ರ ಉಸಿರು ಬಿಡಬ್ಯಾಡಿ ಸಾಮಿ, ನಿಮ್ಮ ದಮ್ಮಯ್ಯ,” ಎಂದಳು ಪಿಳ್ಳಮ್ಮ. ಹೇಳುವಾಗಲೂ ಸೆರಗಿನಿಂದ ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮಾತು ಬಟ್ಟೆಯೊಳಗಿಂದ ಬರುತ್ತಿತ್ತು.

ಮನೋಹರ್ ನಕ್ಕುಬಿಟ್ಟ. “ಉಸಿರು ಕಟ್ಕೊಂಡು ಕಲ್ಲು ನೋಡೋ ವಿದ್ಯೆ ನಂಗಿನ್ನೂ ಯಾರೂ ಕಲಿಸಿಲ್ಲ ಅಜ್ಜಿ.”

ಕಲ್ಲು ನೋಡುವುದೇ ಅವನ ಕಸುಬು. ಹೊಸಕೋಟೆಯಲ್ಲಿ ಅವನೂ ಹೆಂಡತಿ ಶಶಿರೇಖಾಳೂ ಸೇರಿ ನಡೆಸುತ್ತಿದ್ದ ಪುಟ್ಟ ಅಂಗಡಿಗೆ ಸುತ್ತಲಿನ ಹಳ್ಳಿಯವರು ಹೊಲದಲ್ಲಿ, ಬಂಡೆ ಸಂದಿಯಲ್ಲಿ, ಪಾಯ ತೋಡುವಾಗ ಸಿಕ್ಕ ಹೊಳೆಯುವ ಕಲ್ಲುಗಳನ್ನೆಲ್ಲ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ತರುತ್ತಿದ್ದರು. ವಜ್ರವೇ ಇರಬೇಕು ಎಂದು ಎಲ್ಲರಿಗೂ ಗುಮಾನಿ. ನೂರಕ್ಕೆ ತೊಂಬತ್ತೊಂಬತ್ತು ಬರೀ ಬೆಣಚುಕಲ್ಲು, ಇಲ್ಲವೇ ಸೋಡಾ ಬಾಟಲಿಯ ಚೂರು. ಹಾಗೆಂದು ಮುಖದ ಮೇಲೆ ಹೇಳಿ ಅವರ ಆಸೆಗೆ ತಣ್ಣೀರೆರಚುವುದರಲ್ಲಿ ಮನೋಹರನಿಗೆ ಒಂದು ಸಣ್ಣ ಸುಖವಿತ್ತು. ನಾಗಮಣಿ ಎಂದು ತಂದದ್ದನ್ನೂ ನೋಡಿದ್ದ, ದೇವರು ಬಂದ ಕಲ್ಲನ್ನೂ ನೋಡಿದ್ದ. ಎಲ್ಲವೂ ಲೆನ್ಸಿನ ಕೆಳಗೆ ಕಲ್ಲೇ ಆಗಿದ್ದವು.

ಇಲ್ಲಿಗೆ, ಸಮೇತನಹಳ್ಳಿಯ ಆಚೆಗಿನ ಈ ತೋಟಕ್ಕೆ, ಕರೆಸಿದವನು ಪಿಳ್ಳಮ್ಮನ ಮಗ ಬೈರೇಶ್. ಹೊಸ ಮೋಟಾರು ಕೂರಿಸಲು ಪಂಪ್‌ಹೌಸಿನ ನೆಲ ಅಗೆಸಿದಾಗ ಒಂದು ಮಣ್ಣಿನ ಕುಡಿಕೆ ಸಿಕ್ಕಿತ್ತು. ಒಳಗೆ ಕೆಂಪು ಬಟ್ಟೆ, ಬಟ್ಟೆಯೊಳಗೆ ಕಲ್ಲು. ಅಮ್ಮ ಕಿರುಚಾಡಿ ಬಾಗಿಲು ಹಾಕಿಸಿದ್ದಳಂತೆ. ಅಂದಿನಿಂದ ಯಾರೂ ಒಳಗೆ ಹೋಗಿರಲಿಲ್ಲ.

“ನೀವೇ ಹೋಗಿ ಸಾರ್,” ಎಂದ ಬೈರೇಶ್, ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು.

ಹೊರಗೆ ಮಧ್ಯಾಹ್ನದ ಬಿಸಿಲು ರಣಗುಡುತ್ತಿತ್ತು. ಒಳಗೆ ಕತ್ತಲೆ. ಹಳೆಯ ಆಯಿಲ್ಲು, ಒದ್ದೆ ಗೋಣಿಚೀಲದ ಮುಗ್ಗಲು ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದ್ದು. ಮನೋಹರ್ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಾಕಿದ. ಬಟ್ಟೆ ಬಿಚ್ಚಿದ.

ಹೆಬ್ಬೆರಳು ದಪ್ಪದ, ಆರು ಮುಖದ, ತುದಿ ಚೂಪಾದ ಸ್ಫಟಿಕ. ಎಲ್ಲೂ ಒಡೆದಿರಲಿಲ್ಲ. ಚಾಕುವಿನಿಂದ ಗೀರಿದ, ಗೀರು ಬೀಳಲಿಲ್ಲ. ಗಾಜಿನ ತುಂಡಿಗೆ ಉಜ್ಜಿದ, ಗಾಜಿಗೇ ಗಾಯವಾಯಿತು. ಟಾರ್ಚನ್ನು ಬದಿಯಿಂದ ಹಿಡಿದಾಗ ಬುಡದಲ್ಲಿ ಕಡಲೆಕಾಳಿನಷ್ಟು ಬಿಳಿ ಮಂಜು ಕಂಡಿತು. ಹೀಗೆ ಒಡಲಲ್ಲಿ ಮಂಜು ಹೊತ್ತ ಸ್ಫಟಿಕಕ್ಕೆ ಬೆಂಗಳೂರಿನಲ್ಲಿ ಕೇಳಿದಷ್ಟು ಕೊಡುವವರಿದ್ದರು. ಅಂಥದ್ದೊಂದು ತನ್ನ ಕೈಗೆ ಸಿಗಲಿ ಎಂದು ಅವನು ಹನ್ನೊಂದು ವರ್ಷದಿಂದ ಕಾದಿದ್ದ.

ಇನ್ನೊಂದೇ ಪರೀಕ್ಷೆ ಉಳಿದಿತ್ತು. ಬಾಯಿಂದ ಬಿಸಿ ಉಸಿರು ಬಿಟ್ಟರೆ ಗಾಜಿನ ಮೇಲೆ ಮಬ್ಬು ನಿಧಾನಕ್ಕೆ ಆರುತ್ತದೆ, ಅಸಲಿ ಸ್ಫಟಿಕದ ಮೇಲೆ ಕೂಡಲೇ ಮಾಯವಾಗುತ್ತದೆ. ಅವನ ಅಂಗಡಿಯಲ್ಲಿ ಇದು ದಿನಕ್ಕೆ ಹತ್ತು ಸಲ ನಡೆಯುವ ಕೆಲಸ.

“ಬ್ಯಾಡಾ!” ಬಾಗಿಲಲ್ಲಿ ಮುದುಕಿ ಕೂಗಿದಳು.

ಅವನು ಬೇಕೆಂದೇ ಅವಳತ್ತ ನೋಡಿದ. ಕಲ್ಲನ್ನು ಬಾಯಿಯ ಹತ್ತಿರ ತಂದು, “ಹಾ” ಎಂದು ಉಸಿರು ಬಿಟ್ಟ.

ಮಬ್ಬು ಕೂತಿತು. ಒಂದು, ಎರಡು, ಮೂರು ಎಣಿಸಿದ. ಹೋಗಲಿಲ್ಲ. ಹತ್ತು. ಇಪ್ಪತ್ತು. ಆಮೇಲೆ ಅದು ಅಂಚಿನಿಂದ ನಡುವಿಗೆ ಸರಿಯತೊಡಗಿತು. ಆರುತ್ತಿರಲಿಲ್ಲ, ಒಳಕ್ಕೆ ಇಳಿಯುತ್ತಿತ್ತು. ಕಲ್ಲು ಹಿಡಿದ ಬೆರಳು ತಣ್ಣಗಾಯಿತು. ಬುಡದ ಮಂಜು ಈಗ ಗೋಲಿಯಷ್ಟಾಗಿತ್ತು.

ಸುಯ್ಯ್.

ಎಲ್ಲೋ ಪೈಪು ಸೀಳಿ ಗಾಳಿ ಹೋಗುವಂಥ ಸದ್ದು. ಮನೋಹರ್ ಪೈಪಿನ ಮೇಲೆ ಟಾರ್ಚ್ ಬಿಟ್ಟ. ಪೈಪು ಒಣಗಿ ಬಿದ್ದಿತ್ತು, ಮೋಟಾರು ಇನ್ನೂ ಕೂರಿಸಿರಲಿಲ್ಲ. ಉಸಿರು ಬಿಗಿಹಿಡಿದು ಕಿವಿಗೊಟ್ಟ. ಸದ್ದು ನಿಂತಿತು. ಉಸಿರೆಳೆದ. ಸುಯ್ಯ್. ಅದು ಅವನ ಎದೆಯಿಂದಲೇ ಬರುತ್ತಿತ್ತು.

“ಮೂರು ದಿನ ಕಣಪ್ಪ,” ಎಂದಳು ಪಿಳ್ಳಮ್ಮ ಮೆಲ್ಲಗೆ. “ಅಷ್ಟರಾಗೆ ಇನ್ನೊಂದು ಜೀವ ಅದರ ಮ್ಯಾಲೆ ಉಸಿರು ಬಿಡಬೇಕು. ಇಲ್ದಿದ್ರೆ ನಿನ್ನ ಬಿಡಲ್ಲ.”

“ಧೂಳು ಅಜ್ಜಿ, ಧೂಳು!” ಎಂದು ಅವನು ಕೆಮ್ಮುತ್ತ ಎದ್ದ. ಬೈರೇಶ್ ಕಲ್ಲಿಗೆ ಬೆಲೆಯನ್ನೇ ಕೇಳಲಿಲ್ಲ. ವಾಪಸ್ ಮಾತ್ರ ತರಬೇಡಿ ಎಂದ.

ಹೊಸಕೋಟೆ ಮುಟ್ಟಿ ಬೈಕು ನಿಲ್ಲಿಸಿದ. ಅಂಗಡಿಯ ಎರಡು ಮೆಟ್ಟಿಲು ಹತ್ತಲು ಎರಡು ಸಲ ನಿಂತ. ಶಶಿರೇಖಾ ಗಾಬರಿಯಿಂದ ಓಡಿಬಂದಳು. “ಏನ್ರೀ ಇದು? ನಾನೂ ಬರ್ತೀನಿ ಡಾಕ್ಟ್ರ ಹತ್ರ.”

“ಧೂಳು ಕಣೇ. ಪಕ್ಕದ ಬೀದಿ ತಾನೇ, ಹೋಗ್ಬರ್ತೀನಿ. ನೀನು ಅಂಗಡಿ ನೋಡ್ಕೋ,” ಎಂದು ಕಲ್ಲನ್ನು ಮೇಜಿನ ಮೇಲಿಟ್ಟ. ಮುದುಕಿಯ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಲು ನಾಚಿಕೆಯಾಯಿತು. ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದ ಗಂಡಸು, ಹೆಂಡತಿಯೆದುರು ಅದನ್ನು ಯಾವ ಬಾಯಲ್ಲಿ ಹೇಳಿಯಾನು?

ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟರು. ಬೆರಳಿಗೆ ಕ್ಲಿಪ್ಪು ಹಾಕಿದರು. ಎಲ್ಲ ಸರಿಯಾಗಿದೆ, ಗಾಬರಿ ಮಾಡಿಕೊಂಡಿದ್ದೀರಿ ಎಂದರು. ಮೂಗಿಗೆ ಔಷಧಿಯ ಹೊಗೆ ಕೊಟ್ಟು ಮಲಗಿಸಿದರು. ಪ್ರತಿ ಉಸಿರೂ ಸೂಜಿಯ ಕಣ್ಣಿನೊಳಗಿಂದ ಬರುತ್ತಿತ್ತು. ಕೊನೆಗೆ ಮನೋಹರ್ ಮಾಸ್ಕ್ ಕಿತ್ತು ಬೈರೇಶನಿಗೆ ಫೋನ್ ಮಾಡಿದ. “ಅಮ್ಮಂಗೆ ಕೊಡಿ.”

ಪಿಳ್ಳಮ್ಮ ತಡೆದು ತಡೆದು ಹೇಳಿದಳು. “ದಾಯಾದಿಗಳು ಮಾಟ ಮಾಡ್ಸಿ ಹೊಲದಾಗೆ ಹೂತಿದ್ರು. ಉಳುವಾಗ ನಮ್ಮೆಜಮಾನ್ರಿಗೆ ಸಿಕ್ತು. ಚೆಂದಾಗೈತೆ ಅಂತ ಎತ್ಕೊಂಡು ಮಣ್ಣು ಊದಿದ್ರು, ಅಷ್ಟೇಯ. ಮಂತ್ರಗಾರ ಬಂದು ನನ್ನ ಕೈಗೇ ಕಲ್ಲು ಕೊಟ್ಟ. ನೀನು ಊದಿದ್ರೆ ಅವರು ಉಳೀತಾರೆ ಅಂದ.”

“ಆಮೇಲೆ?”

“ಸೆರಗು ಮುಚ್ಕೊಂಡೆ ಕಣಪ್ಪ. ಮೂರು ದಿನ ಐತಲ್ಲ, ಅಷ್ಟರಾಗೆ ಯಾರಾದ್ರೂ ಸಿಗ್ತಾರೆ ಅಂದ್ಕೊಂಡೆ. ಯಾರೂ ಸಿಗಲಿಲ್ಲ, ಅವರು ಹೋದ್ಮ್ಯಾಲೆ ಕುಡಿಕೆಗೆ ಹಾಕಿ ನಾನೇ ಹೂತೆ.”

ಆಗಲೇ ಅವನ ಎದೆ ಬಿಚ್ಚಿಕೊಂಡಿತು.

ಒಮ್ಮೆಗೇ ಗಾಳಿ ನುಗ್ಗಿತು. ಸ್ಪಿರಿಟ್ಟಿನ ವಾಸನೆ, ಪಕ್ಕದ ಹೋಟೆಲಿನ ಕಾಫಿಯ ವಾಸನೆ, ರಸ್ತೆಯ ಬಸ್ಸಿನ ಹೊಗೆ ಕೂಡ ಅಮೃತ ಅನ್ನಿಸಿತು. ಸುಖಕ್ಕೆ ಕಣ್ಣಲ್ಲಿ ನೀರು ಬಂತು. “ಹೋಯ್ತು ಅಜ್ಜಿ! ಉಸಿರು ಬಂತು!” ಎಂದು ಕೂಗಿದ.

ಆ ಕಡೆಯಿಂದ ಪಿಳ್ಳಮ್ಮ ಕೇಳಿದಳು, “ಊದಿದ್ಯಾರು?”

ಮನೋಹರ್ ಓಡಿದ. ಚಪ್ಪಲಿ ಬಿಟ್ಟು ಓಡಿದ.

ಶಶಿರೇಖಾ ಟ್ಯೂಬ್‌ಲೈಟಿನ ಕೆಳಗೆ ಕಲ್ಲು ಹಿಡಿದು ನಿಂತಿದ್ದಳು. “ರೀ, ಎಲ್ಲಿ ಸಿಕ್ತು ಇದು? ಒರಿಜಿನಲ್ಲೇ ಇರ್ಬೇಕು. ಆದ್ರೆ ನೋಡಿ, ಊದಿದ್ರೆ ಮಬ್ಬು ಹೋಗ್ತಾನೇ...”

ಸುಯ್ಯ್.

ಅವಳು ಮಾತು ನಿಲ್ಲಿಸಿದಳು. ಅಂಗೈಯನ್ನು ಎದೆಗೆ ಒತ್ತಿಕೊಂಡಳು. ಕುರ್ಚಿ ತಡಕಿ ಕುಸಿದಳು. ಅವನು ಕಲ್ಲು ಕಿತ್ತುಕೊಂಡ. ತಣ್ಣಗಿತ್ತು. ಮಂಜು ಅರ್ಧ ಕಲ್ಲು ತುಂಬಿತ್ತು.

ಒಂದು ಉಸಿರು. ಅಷ್ಟೇ ಬೇಕಿದ್ದದ್ದು. ಅವನ ಎದೆಯ ತುಂಬ ಇತ್ತು. ಕಲ್ಲು ತುಟಿಯ ಹತ್ತಿರ ಬಂತು. ಶಶಿರೇಖಾ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು. ಏನೂ ಗೊತ್ತಿಲ್ಲದೆ ಅವನ ಮುಖವನ್ನೇ ನೋಡುತ್ತಿದ್ದಳು. ಸೂಜಿಯ ಕಣ್ಣು ನೆನಪಾಯಿತು. ಕೈ ನಿಂತಿತು.

ಮೂರು ದಿನ ಇದೆಯಲ್ಲ, ಅಷ್ಟರಲ್ಲಿ ಯಾರಾದರೂ ಸಿಗುತ್ತಾರೆ.

“ಏನ್ರೀ... ಆಗ್ತಿದೆ... ನಂಗೆ?”

ಮನೋಹರ್ ಜೇಬಿನಿಂದ ಕರ್ಚೀಫು ತೆಗೆದ. ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿಕೊಂಡ.

“ಧೂಳು ಕಣೇ,” ಎಂದ. ಮಾತು ಬಟ್ಟೆಯೊಳಗಿಂದ ಬಂತು.