ಗುಂಡಿಯಿಲ್ಲದ ಕೋಟು

ಮೆಟ್ಟಿಲ ಗೋಡೆಗೆ ಅಂಟಿಸಿದ್ದ ಪೋಸ್ಟರಿನಲ್ಲಿ, ರಾಣಿಯ ಎದೆಯ ನೇರಕ್ಕೆ, ಯಾರೋ ಒಂದು ಹಳದಿ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚಿದ್ದರು.

"ಈ ಕೋಟಿಗೆ ಗುಂಡಿಯಿಲ್ಲ, ಜಿಪ್ ಇಲ್ಲ, ತಲೆ ತೂರಿಸುವಷ್ಟು ಕೊರಳೂ ಇಲ್ಲ. ರಾಣಿಯವರನ್ನು ಒಳಗೆ ನಿಲ್ಲಿಸಿಕೊಂಡೇ ಹೊಲಿದಿರೋ ಹೇಗೆ?"

ಆ ರಾಣಿಯನ್ನು ಬರೆದವನು ಚೀಟಿಯನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಅವನ ಕಿವಿ ಕೆಂಪಾಯಿತು. ಅವನು ಮೊದಲ ಮಹಡಿಯ ಗೇಮ್ ಕಂಪನಿಯಲ್ಲಿ ಚಿತ್ರಕಾರ. ಉದ್ದಕ್ಕೆ, ತೆಳ್ಳಗೆ ಇದ್ದ. ಯೋಚನೆಗೆ ಬಿದ್ದರೆ ಒಂದು ಕಾಲನ್ನು ಮಡಚಿ ಇನ್ನೊಂದರ ಮೇಲೆ ನಿಲ್ಲುತ್ತಿದ್ದ. ಹಾಗಾಗಿ ಕಟ್ಟಡದವರೆಲ್ಲ ಅವನನ್ನು ಕೊಕ್ಕರೆ ಎನ್ನುತ್ತಿದ್ದರು.

ಕಟ್ಟಡ ಹಿಂದೆ ಛಾಪಖಾನೆಯಾಗಿತ್ತು. ಈಗ ನೆಲಮಹಡಿಯಲ್ಲಿ ಸಿನಿಮಾ, ನಾಟಕಗಳಿಗೆ ಉಡುಪು ಹೊಲಿಯುವವರು, ನಡುವೆ ಗೇಮ್‌ನವರು, ಮೇಲೆ ಒಬ್ಬ ಸಿನಿಮಾ ಎಡಿಟರ್ ಮತ್ತು ಸಿನಿಮಾಗಳಿಗೆ ಸದ್ದು ಕೂಡಿಸುವ ಒಬ್ಬ ಶಬ್ದದವನು. ಮೆಟ್ಟಿಲ ತಿರುವಿನಲ್ಲಿ ಬಾಗಿಲಿಲ್ಲದ ಒಂದು ಕೋಣೆ, ಅದರಲ್ಲಿ ಛಾಪಖಾನೆಯವರು ಬಿಟ್ಟುಹೋದ ಉದ್ದನೆಯ ಮೇಜು. ಚಹಾ ಕುಡಿಯಲು ಎಲ್ಲರೂ ಅಲ್ಲಿಗೇ ಬರಬೇಕಿತ್ತು.

ಚೀಟಿ ಎಡಿಟರನದೇ ಎಂದು ಕೊಕ್ಕರೆ ತೀರ್ಮಾನಿಸಿದ. ಯಾರ ಕೆಲಸ ನೋಡಿದರೂ ಒಂದು ಕೊಂಕು ತೆಗೆಯದೆ ಬಿಡದ ಮನುಷ್ಯ ಅವನು. ಚೀಟಿಯ ಕೆಳಗೆ ಕೊಕ್ಕರೆ ಬರೆದ: "ಇದು ಕಲ್ಪನೆ. ಕಲ್ಪನೆಗೆ ಗುಂಡಿ ಬೇಕಿಲ್ಲ." ಮರುದಿನ ಬೆಳಿಗ್ಗೆ ಹೊಸ ಚೀಟಿ ಕಾದಿತ್ತು: "ಕಲ್ಪನೆಗೆ ಬೇಡ, ಒಪ್ಪಿದೆ. ರಾಣಿಯವರಿಗೆ ಬಚ್ಚಲಿಗೆ ಹೋಗಬೇಕಾದರೆ?"

ಕೊಕ್ಕರೆ ಎರಡೆರಡು ಮೆಟ್ಟಿಲು ಹತ್ತಿಕೊಂಡು ಮೇಲೆ ಹೋದ. ಎಡಿಟರ್ ಒಂದು ಅಳುವ ದೃಶ್ಯವನ್ನು ಕತ್ತರಿಸುತ್ತ ಕೂತಿದ್ದ. ಅವನೆದುರು ನಿಂತು ಕಲಾವಿದನ ಸ್ವಾತಂತ್ರ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದ. ಎಡಿಟರ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ತಾನು ಚೀಟಿ ಬರೆಯುವ ಪೈಕಿ ಅಲ್ಲ, ಮುಖಕ್ಕೇ ಹೇಳುವವನು ಎಂದ. ಆಮೇಲೆ ಸೇರಿಸಿದ:

"ಗುಂಡುಸೂಜಿ ಚುಚ್ಚಿದಾರೆ ಅಂದ್ರೆ ಕೆಳಗಡೆ ಹೋಗಿ ವಿಚಾರಿಸಪ್ಪ."

ನೆಲಮಹಡಿಯಲ್ಲಿ ಒಬ್ಬಳು ಸಿಪಾಯಿಯ ಅಂಗಿ ತೊಡಿಸಿದ ಗೊಂಬೆಯ ಮುಂದೆ ಮಂಡಿಯೂರಿ ಅಂಚು ಮಡಚುತ್ತಿದ್ದಳು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಐದಾರು ಗುಂಡುಸೂಜಿ. ಮಾತು ಚುಚ್ಚುತ್ತದೆ ಎಂಬ ಕಾರಣಕ್ಕೂ, ಕೆಲಸದ ಕಾರಣಕ್ಕೂ ಅವಳಿಗೆ ಸೂಜಿ ಎಂದೇ ಹೆಸರು. ಪಕ್ಕದಲ್ಲಿ ಅವಳ ಚಿಕ್ಕಮ್ಮ ದೊಡ್ಡ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದರು, ಅಂಗಡಿ ಅವರದು.

ಚೀಟಿ ಬರೆದವರು ಯಾರು ಎಂದು ಕೊಕ್ಕರೆ ಕೇಳಿದ. ಅವಳು ಸೂಜಿಗಳ ನಡುವಿನಿಂದ ಏನೋ ಅಂದಳು. ಏನೆಂದಿರಿ ಎಂದು ಮತ್ತೆ ಕೇಳಿದ. ಅವಳು ಮತ್ತೆ ಅದನ್ನೇ ಅಂದಳು.

"ತಾನೇ ಬರೆದಿದ್ದು ಅಂತಿದಾಳೆ," ಎಂದರು ಚಿಕ್ಕಮ್ಮ.

ಅವಳು ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು. ಅಷ್ಟು ಹೊತ್ತಿಗೆ ಅವನ ಸಿಟ್ಟು ಅರ್ಧ ಇಳಿದಿತ್ತು. ಆಮೇಲೆ ಅವಳು ಅವನನ್ನು ನೋಡಿದಳು. ಹೊಲಿಯುವವರು ನೋಡುವ ಹಾಗೆ: ಭುಜದಿಂದ ಭುಜಕ್ಕೆ, ಭುಜದಿಂದ ಮಣಿಕಟ್ಟಿಗೆ, ಅಲ್ಲಿಂದ ಕೆಳಕ್ಕೆ, ಮತ್ತೆ ನಿಧಾನವಾಗಿ ಮೇಲಕ್ಕೆ. ಅವನನ್ನು ಇಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. ಮೆಟ್ಟಿಲಿಳಿಯುವಾಗ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ನಿಮ್ಮ ರಾಣಿ ಓಡುವಾಗ ಕಾಲು ಕೋಟಿಂದ ಆಚೆ ತೂರಿಕೊಂಡು ಬರುತ್ತಾ?" ಎಂದು ಅವಳು ಕೇಳಿದಳು.

ಅದೇ ಕಾಯಿಲೆ. ಆರು ಜನ ಮೂರು ತಿಂಗಳಿಂದ ಅದಕ್ಕೆ ಮದ್ದು ಹುಡುಕುತ್ತಿದ್ದರು. ಅದು ಸರಿಹೋಗದೆ ಗೇಮ್ ಹೊರಗೆ ಬರುವ ಹಾಗಿರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು?"

"ಹಿಂದೆ ಸೀಳು ಬಿಟ್ಟಿಲ್ಲ. ಅಂಥಾ ಕೋಟಲ್ಲಿ ಓಡಿದ್ರೆ ಬಟ್ಟೆ ಹರೀಬೇಕು, ಇಲ್ಲಾ ಮನುಷ್ಯ ಬೀಳಬೇಕು. ನಿಮ್ಮ ಕಂಪ್ಯೂಟರಿಗೆ ಎರಡೂ ಬರಲ್ಲ. ಪಾಪ, ಕಾಲನ್ನ ಹೊರಗೆ ಹಾಕಿ ಕೈ ತೊಳ್ಕೊಳ್ತಿದೆ."

ಕೊಕ್ಕರೆ ತನಗೇ ಗೊತ್ತಿಲ್ಲದೆ ಒಂದು ಕಾಲು ಮಡಚಿ ನಿಂತ. ಅವಳು ನಗು ತಡೆದುಕೊಳ್ಳಲು ಗೊಂಬೆಯ ಕಾಲರ್ ಸರಿಮಾಡಿದಳು.

ಉಳಿದ ಬಟ್ಟೆಯಲ್ಲಿ ನಿಜವಾದ ಕೋಟನ್ನೇ ಹೊಲಿದು ನೋಡೋಣ ಎಂದು ಅವಳೇ ಹೇಳಿದಳು. ರಾಣಿಯಷ್ಟು ಎತ್ತರದವರು ಕಟ್ಟಡದಲ್ಲಿ ಅವನೊಬ್ಬನೇ. ಆದ್ದರಿಂದ ಅವನದೇ ಅಳತೆ. ಟೇಪು ಎದೆಯ ಸುತ್ತ ಬಂದಾಗ ಅವನು ಕಂಬದಂತೆ ನಿಂತುಬಿಟ್ಟ.

"ಉಸಿರು ಬಿಡಿ. ಅಳತೆ ತಪ್ಪುತ್ತೆ."

ಬಿಟ್ಟ. ಅವಳ ಹಣೆಯ ಮೇಲಿನ ಒಂದು ಎಳೆ ಕೂದಲು ಅಲುಗಾಡಿತು. ಇಬ್ಬರೂ ಅದನ್ನು ಗಮನಿಸದವರಂತೆ ಗೋಡೆಯ ಕಡೆ ನೋಡಿದರು.

ಚಿಕ್ಕಮ್ಮ ಕತ್ತರಿಯಿಂದ ತಲೆ ಎತ್ತದೆ ಕೇಳಿದರು: "ಸೊಂಟಾನ ಎರಡು ಸಲ ಯಾಕೆ ಅಳೀತಿದೀಯ?"

"ಮೊದಲನೇದು ಮರೆತುಹೋಯ್ತು ಚಿಕ್ಕಮ್ಮ."

ಈ ಕೆಲಸಕ್ಕೆ ಬಂದ ಹದಿಮೂರು ವರ್ಷಗಳಲ್ಲಿ ಅವಳು ಒಂದು ಅಳತೆಯನ್ನೂ ಮರೆತವಳಲ್ಲ. ಚಿಕ್ಕಮ್ಮ ಬಟ್ಟೆ ಮಗುಚಿದರು.

ಕೋಟಿನ ತುಂಡುಗಳು ಉದ್ದನೆಯ ಮೇಜಿನ ಮೇಲೆ ಹರಡಿದ ದಿನದಿಂದ ಕಟ್ಟಡದವರೆಲ್ಲ ಅದರ ಮೇಲೆ ಬಗ್ಗಿದರು. ಚಹಾಕ್ಕೆಂದು ಬಂದ ಶಬ್ದದವನು ಒಳಪದರದ ಬಟ್ಟೆಯನ್ನು ಕಿವಿಯ ಹತ್ತಿರ ಉಜ್ಜಿ ನೋಡಿ, ಒಂದು ಸಿನಿಮಾಕ್ಕೆ ತಾನು ತಿಂಗಳಿಂದ ಹುಡುಕುತ್ತಿದ್ದ ರೆಕ್ಕೆಯ ಸದ್ದು ಇದೇ ಎಂದು ಒಂದು ತುಂಡನ್ನು ಕೊಂಡೊಯ್ದ. ಕೊಕ್ಕರೆ ರಾಣಿಯ ಕೋಟು ತೊಟ್ಟು ಹಜಾರದಲ್ಲಿ ಓಡಿದ. ಎಡಿಟರ್ ಫೋನಿನಲ್ಲಿ ಚಿತ್ರೀಕರಿಸಿಕೊಂಡು, ಇದು ಯುದ್ಧಕ್ಕೆ ಹೊರಟ ರಾಣಿಯಲ್ಲ, ಬಸ್ಸು ತಪ್ಪಿಸಿಕೊಂಡ ಗುಮಾಸ್ತ ಎಂದು ಷರಾ ಬರೆದ. ಹನ್ನೊಂದನೆಯ ಓಟಕ್ಕೆ ಸ್ವಲ್ಪ ರಾಣಿ ಕಂಡಳು. ಸೂಜಿಗೂ ಲಾಭವಾಯಿತು: ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಉಡುಪನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುವುದನ್ನು ಕಂಪ್ಯೂಟರಿನಲ್ಲಿ ಕಲಿತಳು. ಕಲಿಸುವವನ ಕುರ್ಚಿ ದಿನಕ್ಕೆ ಒಂದಿಂಚಿನಂತೆ ಹತ್ತಿರ ಬರುತ್ತಿತ್ತು. ಅವಳು ತನ್ನದನ್ನು ದೂರ ಸರಿಸಲಿಲ್ಲ.

ಅಂಥ ದಿನಗಳಲ್ಲೇ ಸರ್ಕಾರದಿಂದ ಒಬ್ಬ ಅಧಿಕಾರಿಣಿ ಬಂದರು. ಸಿನಿಮಾ, ಗೇಮ್, ಕಲೆ ಇವೆಲ್ಲ ಬೆಳೆಯಬೇಕಾದರೆ ಏನೇನು ಅನುಕೂಲ ಬೇಕು ಎಂದು ಬರೆದುಕೊಳ್ಳುವುದು ಅವರ ಕೆಲಸ. ಇಂಥ ಪ್ರಶ್ನೆಯನ್ನು ಯಾರೂ ತಮ್ಮನ್ನು ಕೇಳಿರಲಿಲ್ಲವಾದ್ದರಿಂದ ಎಲ್ಲರೂ ಅಂದು ಸ್ವಲ್ಪ ದೊಡ್ಡವರಾದರು. ಎಡಿಟರ್ ನಿಶ್ಶಬ್ದ ಬೇಕೆಂದ. ಶಬ್ದದವನು ಅದಕ್ಕಿಂತ ಹೆಚ್ಚು ನಿಶ್ಶಬ್ದ ಬೇಕೆಂದ. ಗೇಮ್ ಕಂಪನಿಯ ಬಾಸ್ ಗುಟ್ಟು ಸೋರದಂತೆ ಬೀಗ ಬೇಕೆಂದರು. ಕೊಕ್ಕರೆ, ತೂಕದ ಮಾತು ಏನಾದರೂ ಆಡಬೇಕಲ್ಲ ಎಂದು, "ಏಕಾಂತ" ಎಂದುಬಿಟ್ಟ. ಸೂಜಿ ಅಂದು ದಾರ ತರಲು ಹೋಗಿದ್ದಳು. ಈಗಿರುವುದೇ ಚೆನ್ನಾಗಿದೆ, ಏನನ್ನೂ ಮುಟ್ಟಬೇಡಿ ಎಂದರು ಚಿಕ್ಕಮ್ಮ. ಅದನ್ನು ಬರೆದುಕೊಳ್ಳಲು ಅಧಿಕಾರಿಣಿಯ ಫಾರಮಿನಲ್ಲಿ ಜಾಗವಿರಲಿಲ್ಲ.

ಎರಡು ತಿಂಗಳಲ್ಲಿ ಎಲ್ಲರಿಗೂ ಕೇಳಿದ್ದು ಸಿಕ್ಕಿತು. ಮಹಡಿಗೊಂದು ಬಾಗಿಲು, ಬಾಗಿಲಿಗೊಂದು ಕಾರ್ಡು, ಮಹಡಿಗೊಂದು ಚಹಾ ಯಂತ್ರ. ಮೇಜು ಗೋದಾಮು ಸೇರಿತು. ತಿರುವಿನ ಕೋಣೆಗೆ ಸದ್ದು ದಾಟದ ಗಾಜು ಬಂತು, ಮೀಟಿಂಗ್ ರೂಮ್ ಎಂಬ ಹೆಸರು ಬಂತು. ಬೇಕಾದವರು ಫೋನಿನಲ್ಲಿ ವಿಷಯ ಬರೆದು ಹೆಚ್ಚೆಂದರೆ ಅರ್ಧ ಗಂಟೆಗೆ ಕಾದಿರಿಸಬೇಕು. ವಿಷಯ ಬಾಗಿಲ ಮೇಲಿನ ಪರದೆಯಲ್ಲಿ ಮೂಡುತ್ತಿತ್ತು.

ಮೊದಲ ವಾರ ಸ್ವರ್ಗ. ಆಮೇಲೆ ಎಡಿಟರನ ಸಿನಿಮಾ ಇಪ್ಪತ್ತು ನಿಮಿಷ ಉದ್ದವಾಗಿ ಹೊರಗೆ ಹೋಯಿತು. ಆಕಳಿಸಿ ತೋರಿಸಲು ಅವನ ಹತ್ತಿರ ಯಾರೂ ಇರಲಿಲ್ಲ. ಶಬ್ದದವನು ನಿಶ್ಶಬ್ದದಲ್ಲಿ ಕೂತು ತನ್ನ ಹೊಟ್ಟೆಯ ಗುಡುಗುಡು ಕೇಳುತ್ತಿದ್ದ. ಕೊಕ್ಕರೆಯ ಕಾರ್ಡಿಗೆ ನೆಲಮಹಡಿಯ ಬಾಗಿಲು ತೆರೆಯುತ್ತಿರಲಿಲ್ಲ.

ಅವನು ಮೀಟಿಂಗ್ ರೂಮ್ ಕಾದಿರಿಸಿದ. ವಿಷಯ: ಕಾಲರ್. ಎರಡು ದಿನ ಬಿಟ್ಟು, ವಿಷಯ: ತೋಳು. ಆಮೇಲೆ ಅವಳು ಕಾದಿರಿಸಿದಳು: ಬಲತೋಳು. ಕೋಟು ಪೂರ್ತಿಯಾಗಿ, ರಾಣಿ ಕಂಪ್ಯೂಟರಿನಲ್ಲಿ ಲಕ್ಷಣವಾಗಿ ಓಡತೊಡಗಿದ ಮೇಲೂ, ತೋಳು: ಮುಂದುವರಿದ ಚರ್ಚೆ. ಒಳಗೆ ಎದುರುಬದುರು ಕೂತು ಕಾಲು ಗಂಟೆ ತೋಳಿನ ಬಗ್ಗೆ, ಇನ್ನು ಕಾಲು ಗಂಟೆ ಯಾವುದರ ಬಗ್ಗೆಯೂ ಅಲ್ಲದೆ ಮಾತಾಡುತ್ತಿದ್ದರು. ಅವನು ಹೇಳಬೇಕೆಂದಿದ್ದು ನಾಲಗೆಯ ತುದಿಯವರೆಗೆ ಬಂದು, ಸಮಯ ಮುಗಿಯಿತೆಂದು ಪರದೆ ಕುಂಯ್ ಎನ್ನುತ್ತಿದ್ದಂತೆ ಒಳಕ್ಕೆ ಹೋಗುತ್ತಿತ್ತು.

ಮನೆಯಲ್ಲಿ ಅವನ ತಾಯಿ, ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಒಂದು ಸಂಜೆ ಕೇಳಿದರು: "ಈ ವಾರ ಮೂರು ಸಲ ತೋಳಿನ ಮೀಟಿಂಗ್ ಅಂದೆ. ನಿಮ್ಮ ರಾಣಿಗೆ ಎಷ್ಟಪ್ಪ ಕೈ?"

ಬಾಸ್‌ಗೂ ಅದೇ ಸಂದೇಹ ಬಂದಿರಬೇಕು. ಗೇಮ್ ಹೊರಬರುವ ದಿನ ಹತ್ತಿರವಾಗಿದೆ, ಕೋಟಿನ ಮಾತು ಸಾಕು ಎಂದು ರೂಮಿನ ಎಲ್ಲ ಹೊತ್ತನ್ನೂ ತಾವೇ ಕಾದಿರಿಸಿಕೊಂಡರು. ಎರಡು ವಾರ ಅವರಿಬ್ಬರೂ ಒಬ್ಬರ ಮುಖ ಒಬ್ಬರು ಕಾಣಲಿಲ್ಲ. ಅವಳ ನಂಬರ್ ಅವನಲ್ಲಿತ್ತು. ಸಂದೇಶ ಬರೆಯುತ್ತಿದ್ದ, ಅಳಿಸುತ್ತಿದ್ದ. ಕೆಳಗೆ ಅವಳು ಬೇರೆಯೇ ಲೆಕ್ಕ ಹಾಕಿದಳು: ಕೋಟಾಯಿತು, ಕೆಲಸವಾಯಿತು, ಇನ್ನು ನನ್ನದೇನು ಬೇಕು ಅವರಿಗೆ. ಅದೇ ಹೊತ್ತಿಗೆ ಒಂದು ಸಿನಿಮಾದವರು ದೂರದ ಊರಿನಲ್ಲಿ ನಾಲ್ಕು ತಿಂಗಳ ಚಿತ್ರೀಕರಣಕ್ಕೆ ಕರೆದರು. ಪೂರ್ತಿ ಉಡುಪಿನ ಹೊಣೆ; ಅವಳು ಬಹಳ ದಿನದಿಂದ ಕಾಯುತ್ತಿದ್ದ ಕೆಲಸ. ಒಪ್ಪಿಕೊಂಡಳು. ಆದರೂ ಹೇಳದೆ ಹೋಗಲು ಮನಸ್ಸಾಗಲಿಲ್ಲ.

ಶುಕ್ರವಾರ ಗೇಮ್‌ನವರ ಮಹಡಿಯ ಚಹಾ ಯಂತ್ರ ಕೆಟ್ಟಿತ್ತು. ಕೊಕ್ಕರೆ ಬೀದಿಯಲ್ಲಾದರೂ ಚಹಾ ಕುಡಿಯೋಣವೆಂದು ಇಳಿದು ಬಂದವನು ಪರದೆಯನ್ನು ನೋಡಿ ನಿಂತ. ವಿಷಯ: ಹೊರಡುವುದು. ನಾಲ್ಕರಿಂದ ನಾಲ್ಕೂ ಹತ್ತು; ಕೇಳಿಕೊಂಡಿದ್ದಕ್ಕೆ ಬಾಸ್ ಬಿಟ್ಟುಕೊಟ್ಟಿದ್ದು ಅಷ್ಟೇ. ಗಾಜಿನಾಚೆ ಅವಳು ಒಬ್ಬಳೇ ಕೂತಿದ್ದಳು. ಅವನ ಫೋನು ಮೇಲೆ ಮೇಜಿನ ಮೇಲಿತ್ತು. ಈ ಮೀಟಿಂಗಿಗೆ ಅವಳು ಕಳಿಸಿದ್ದ ಕರೆ ಅದರಲ್ಲೇ ಉಳಿದಿತ್ತು.

ಅವನ ಕಾರ್ಡಿಗೆ ಬಾಗಿಲು ಕೆಂಪು ದೀಪ ತೋರಿಸಿತು. ಅವಳು ಎದ್ದು ಬಂದು ಒಳಗಿನಿಂದ ಎಳೆದಳು. ಬರಲಿಲ್ಲ. ಹೊಸ ಬೀಗ ವಾರಕ್ಕೊಮ್ಮೆ ಹೀಗೆ ಮುನಿಸಿಕೊಳ್ಳುತ್ತಿತ್ತು. ಸ್ವಲ್ಪ ತಾಳಿ ಎಂದು ಅವಳು ಕೈ ಆಡಿಸಿದಳು. ಅವನಿಗೆ ಅದು ಹೋಗಿಬರುತ್ತೇನೆ ಎಂದ ಹಾಗೆ ಕಂಡಿತು. ಅವನ ಬಾಯಿ ತಾನಾಗಿ ತೆರೆದುಕೊಂಡಿತು.

"ಕೋಟು ಮುಗಿದು ಯಾವ ಕಾಲ ಆಯ್ತು. ತೋಳಿನ ವಿಷ್ಯದಲ್ಲಿ ನಂಗೆ ಯಾವತ್ತೂ ಅನುಮಾನ ಇರ್ಲಿಲ್ಲ, ಬರೀ ಸುಳ್ಳು. ನೀವು ಹೋದ್ರೆ ನಾನು ಬರೆಯೋದನ್ನ ನೋಡಿ ಬೈಯೋರು ಯಾರು? ಬೈಯೋದಕ್ಕೆ ಮಾತ್ರ ಅಂತಲ್ಲ. ನೀವು ನಗು ತಡ್ಕೊಳ್ಳೋಕೆ ಏನಾದ್ರೂ ಸರಿಮಾಡ್ತೀರಲ್ಲ, ಅದನ್ನ ನೋಡ್ದೆ ಹದಿನಾಲ್ಕು ದಿನ ಆಯ್ತು. ಏಕಾಂತ ಬೇಕು ಅಂತ ನಾನೇ ಬರೆಸಿದ್ದೆ. ನಂಗೆ ಅದು ಬೇಡ." ಉಸಿರು ತೆಗೆದುಕೊಂಡ. "ನಂಗೆ ನೀವು ಬೇಕು."

ಅವಳು ಕಿವಿಗೆ ಕೈ ಹಚ್ಚಿ ತಲೆಯಾಡಿಸಿದಳು. ಗಾಜು ತನ್ನ ಕೆಲಸ ಚೆನ್ನಾಗಿ ಮಾಡಿತ್ತು. ಒಂದು ಅಕ್ಷರವೂ ಒಳಗೆ ಹೋಗಿರಲಿಲ್ಲ.

ಹೊರಗೆ ಮಾತ್ರ ಎಲ್ಲವೂ ಕೇಳಿಸಿತ್ತು. ಮೆಟ್ಟಿಲುಗಳ ನಡುವಿನ ಟೊಳ್ಳಿನಲ್ಲಿ ಅವನ ದನಿ ಮೂರು ಮಹಡಿ ಏರಿಳಿದಿತ್ತು. ಅವನು ತಿರುಗಿ ನೋಡಿದರೆ ಮೇಲಿನ ಮೆಟ್ಟಿಲುಗಳ ತುಂಬ ಜನ: ಎಡಿಟರ್, ಶಬ್ದದವನು, ಬಾಸ್, ಗೇಮ್‌ನ ಉಳಿದ ನಾಲ್ವರು. ಕೆಳಗಿನ ಮೆಟ್ಟಿಲಲ್ಲಿ ಚಿಕ್ಕಮ್ಮ, ಕೈಯಲ್ಲಿ ಕತ್ತರಿ. ಅವರು ಯಾರನ್ನೂ ಕೇಳದೆ ಕತ್ತರಿಯ ತುದಿಯನ್ನು ಬೀಗದ ಸಂದಿಗೆ ಹಾಕಿ ಮೀಟಿದರು. ಬಾಗಿಲು ತೆರೆದುಕೊಂಡಿತು.

"ಏನೋ ಹೇಳ್ತಿದ್ರಲ್ಲ?" ಎಂದು ಸೂಜಿ ಕೇಳಿದಳು.

"ಏನಿಲ್ಲ," ಎಂದ ಕೊಕ್ಕರೆ.

ಮೆಟ್ಟಿಲ ಮೇಲಿನವರು ಒಟ್ಟಿಗೆ ಬಾಯಿ ಬಿಟ್ಟರು. ತೋಳಿನ ಭಾಗವನ್ನು ಪೂರ್ತಿ ಕತ್ತರಿಸಿ ಕೊನೆಯದನ್ನೇ ಮೊದಲು ಹೇಳಿದರೆ ಸಾಕು ಎಂದ ಎಡಿಟರ್. ಕೊನೆಯ ಮಾತಿನ ಮುಂಚಿನ ಆ ಉಸಿರನ್ನು ಮಾತ್ರ ಕತ್ತರಿಸಬಾರದು, ಅದರಲ್ಲೇ ಎಲ್ಲ ಇರುವುದು ಎಂದ ಶಬ್ದದವನು. ಹಾಗಾದರೆ ಬಲತೋಳಿನ ಮೀಟಿಂಗ್‌ನಲ್ಲಿ ನೀವಿಬ್ಬರೂ ಮಾಡಿದ್ದೇನು ಎಂದು ಬಾಸ್ ಕೇಳಿದರು.

"ಅವರು ಹೇಳೋದು ಬೇಡ," ಎಂದಳು ಸೂಜಿ. "ನೀವು ಹೇಳಿ."

ಕೊಕ್ಕರೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತ. "ನಂಗೆ ನೀವು ಬೇಕು."

ಅವಳು ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಈ ಸಲ ಅಳತೆಯ ನೋಟವಲ್ಲ. ಕಣ್ಣು ಮುಖ ಬಿಟ್ಟು ಎಲ್ಲೂ ಹೋಗಲಿಲ್ಲ.

"ಇಷ್ಟು ಹೇಳೋಕೆ ಎರಡು ವಾರ ಬೇಕಾಯ್ತಾ?"

"ರೂಮ್ ಸಿಗಲಿಲ್ಲ."

ಅವಳಿಗೆ ನಗು ಬಂತು. ಸರಿಮಾಡಲು ಕೈಗೆ ಏನೂ ಸಿಗದೆ ಅವನ ಅಂಗಿಯ ಕಾಲರನ್ನೇ ಸರಿಮಾಡಿದಳು. ಮಾಡುತ್ತ, ಅವನಿಗಷ್ಟೇ ಕೇಳುವಂತೆ, ನಾಲ್ಕು ತಿಂಗಳು ತಾನು ಹೋಗಲೇಬೇಕು ಎಂದಳು. ತನಗೂ ಅವನು ಬೇಕು ಎಂದಳು. ಕೇಳಿಸಲಿಲ್ಲ ಎಂದು ಮೆಟ್ಟಿಲ ಮೇಲಿನವರು ದೂರಿದರು.

ಮುರಿದ ಬಾಗಿಲ ಮುಂದೆ ಸೇರಿದವರು ಒಂದೂವರೆ ಗಂಟೆ ಕದಲಲಿಲ್ಲ. ಎಡಿಟರ್ ತನ್ನ ಸಿನಿಮಾ ಯಾಕೆ ಸೋತಿತು ಎಂದು ಎಲ್ಲರ ಹತ್ತಿರ ಬೈಸಿಕೊಂಡು ಗೆಲುವಾದ. ಶನಿವಾರ ಚಿಕ್ಕಮ್ಮ ಕಟ್ಟಡದ ಮಾಲೀಕರನ್ನು ಕರೆಸಿ, ಮೇಜು ಗೋದಾಮಿನಿಂದ ಹೊರಗೆ ಬರುವವರೆಗೂ ಅವರನ್ನು ಕೂರಲು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಉಡುಪಿನ ಪೆಟ್ಟಿಗೆಗಳನ್ನು ಹೇರಿಕೊಂಡು ವ್ಯಾನು ಬೀದಿಯಲ್ಲಿ ನಿಂತಿತ್ತು. ಇರಿ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಕೊನೆಯ ಪೆಟ್ಟಿಗೆ ಎತ್ತಿಟ್ಟು ಕಿಟಕಿಯ ಹತ್ತಿರ ಬಂದ.

"ನಾನು ಬರೋಷ್ಟರೊಳಗೆ ಮನೇಲಿ ನಿಮ್ಮಮ್ಮನಿಗೆ ಹೇಳಿರಬೇಕು," ಎಂದಳು.

"ಹೇಳ್ದೆ. ಅವರಿಗೆ ಬಲತೋಳಿಗೇ ಗೊತ್ತಾಗಿತ್ತಂತೆ."

ಅವಳು ಕಿಟಕಿಯ ಮೇಲೆ ಗಲ್ಲ ಊರಿದಳು. "ಇನ್ನೊಂದು. ಇನ್ನು ಮೇಲೆ ನೀವು ಗೀವು ಬೇಡ."

ಅವನು ಗಂಟಲು ಸರಿಮಾಡಿಕೊಂಡ. ಎರಡು ಸಲ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ವ್ಯಾನು ಗುರುಗುಟ್ಟಿ ಮುಂದಕ್ಕೆ ಸರಿಯಿತು. ಇನ್ನು ತಡೆದರೆ ನಾಲ್ಕು ತಿಂಗಳು ಕಾಯಬೇಕಾದೀತೆಂದು ಅವನು ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೂಗಿದ: "ಹೋಗಿ ಬಾ."

"ಆಯ್ತಪ್ಪ, ಬರ್ತೀನಿ," ಎಂದರು ಮುಂದಿನ ಕಿಟಕಿಯಿಂದ ಕೈಯೆತ್ತಿ, ನರೆತ ಮೀಸೆಯ ಡ್ರೈವರ್.

ವ್ಯಾನು ಬೀದಿಯ ಕೊನೆಯಲ್ಲಿ ತಿರುಗುವವರೆಗೂ ಅವಳು ಕಿಟಕಿಗೆ ತಲೆಯಾನಿಸಿ ನಗುತ್ತಲೇ ಇದ್ದಳು. ಈ ಸಲ ತಡೆದುಕೊಳ್ಳಲಿಲ್ಲ.