ಕಮರಿಯ ಮೇಲೆ ಎಂಟು ಆಂಟೆನಾ

ಸಂಜೆಯೊಳಗೆ ಕಮರಿಯ ತಳಕ್ಕೆ ಒಂದೇ ಮಾತು ಮುಟ್ಟಬೇಕಿತ್ತು: ಮೇಲೆ ಹತ್ತಿ! ಹಿಮಕೆರೆಯ ದಂಡೆ ಬಿರುಕು ಬಿಟ್ಟಿತ್ತು. ಕೆಳಗೆ ಕಲ್ಲು ಪರೀಕ್ಷಿಸುತ್ತಿದ್ದವರಿಗೆ ಅದರ ಸುಳಿವೇ ಇರಲಿಲ್ಲ; ಅಷ್ಟು ಆಳಕ್ಕೆ ಶಿಬಿರದ ರೇಡಿಯೋ ತಲುಪುತ್ತಿರಲಿಲ್ಲ. ಅವರಲ್ಲಿ ಅಕ್ಕನ ಗಂಡನೂ ಇದ್ದ.

ಹೊರಟವರು ಮೂವರು: ಆಂಟೆನಾ ಕಟ್ಟುವ ಅಕ್ಕ, ಅವು ಹಿಡಿದ ಸದ್ದನ್ನು ಸೋಸುವ ಪ್ರೋಗ್ರಾಂ ಬರೆಯುವ ತಮ್ಮ, ದಾರಿ ತೋರಿ ಹಗ್ಗ ಹಿಡಿಯಲು ಎಲ್ಲರೂ ಹಗ್ಗದ ಮಾವ ಎಂದು ಕರೆಯುವ ಬೆಟ್ಟದವನು. ಕಚೇರಿಯಲ್ಲಿ ಅಕ್ಕ ನಕ್ಷೆ ಮುಗಿಸಿ ಪಕ್ಕದ ಕೋಣೆಗೆ ತಳ್ಳಬೇಕು, ತಮ್ಮ ಅದನ್ನೇ ವೇದವಾಕ್ಯವೆಂದು ನಂಬಿ ಬರೆಯಬೇಕು. ಅದು ದೊಡ್ಡ ಎಂಜಿನಿಯರ್ ಮಾಡಿದ ಕಟ್ಟಳೆ. ಎಂಥ ಮೂರ್ಖ ಕಟ್ಟಳೆ ಎಂಬುದು ಬೆಟ್ಟ ಹತ್ತಿದ ಮೇಲೆ ತಿಳಿಯಿತು.

ನಕ್ಷೆಯ ಪ್ರಕಾರ ಎಂಟು ಆಂಟೆನಾಗಳು ಸಮ ಅಂತರದಲ್ಲಿ ನೇರ ಸಾಲಾಗಿ ನಿಲ್ಲಬೇಕು. ಒಂದೊಂದಕ್ಕೂ ಕೇಳುವುದು ಬರೀ ಪಿಸುದನಿ, ಎಂಟನ್ನೂ ಕೂಡಿಸಿದರೆ ಮಾತು; ಕೆಳಕ್ಕೆ ಕಳಿಸುವಾಗಲೂ ಹಾಗೆಯೇ. ಆದರೆ ಇಲ್ಲಿನ ಬಂಡೆಯಂಚು ಸೊಟ್ಟ, ಒಡಕಲು, ಕಾಲೂರಲೂ ಕಷ್ಟ.

"ವಾಪಸ್ ಬನ್ನಿ," ದೊಡ್ಡ ಎಂಜಿನಿಯರ್ ಶಿಬಿರದಿಂದ ರೇಡಿಯೋದಲ್ಲಿ ಗದರಿದರು. "ನಕ್ಷೆ ತಪ್ಪಿದ್ರೆ ಪ್ರೋಗ್ರಾಂ ನಡೆಯಲ್ಲ."

"ನಕ್ಷೆ ಬರೆದವಳು ನಾನು ಸಾರ್, ನಾನೇ ಅಳಿಸ್ತೀನಿ." ಅಕ್ಕ ರೇಡಿಯೋ ಆರಿಸಿದಳು. ತಮ್ಮನತ್ತ ತಿರುಗಿದಳು. "ಲೋ, ಬಂಡೆ ಜಾಗ ಕೊಟ್ಟ ಕಡೆ ನೆಡ್ತೀನಿ. ನಿನ್ನ ಲೆಕ್ಕ ಬದಲಾಯಿಸ್ತೀಯಾ?"

"ಭಾವನ ರೇಡಿಯೋದ ಗುರುತಿನ ಸದ್ದು ಸಣ್ಣಗೆ ಬರ್ತಿದೆ. ಅದನ್ನೇ ಹಿಡಿದು ಯಾವ ಆಂಟೆನಾ ಎಲ್ಲಿದೆ ಅಂತ ಕಂಡುಹಿಡೀತೀನಿ. ಆದ್ರೆ ಎದುರು ಬೆಟ್ಟಕ್ಕೆ ಬಡಿದು ಬರೋ ಪ್ರತಿಧ್ವನಿ ಕಾಟ ಕೊಡ್ತಿದೆ. ಕೊನೇದನ್ನ ಇನ್ನೂ ದೂರ ಇಡು."

"ದೂರ ಎಲ್ಲಿಡ್ಲಿ, ಗಾಳೀಲಾ?"

"ಹಾಗಾದ್ರೆ ಕೆಳಗಿಳಿಸು."

ಹಗ್ಗದ ಮಾವ ಅವಳ ಸೊಂಟಕ್ಕೆ ಗಂಟು ಬಿಗಿದ. ಅಕ್ಕ ಇಳಿದಳು. ಕಲ್ಲು ಕಿತ್ತು ಬಂತು. ಕಾಲು ಜಾರಿತು. ಹಗ್ಗ ಜಗ್ಗಿ ನಿಂತಿತು.

"ಹಿಡಿದಿದ್ದೀನಿ ಕಣಮ್ಮಾ, ನಿನ್ನ ಕೆಲಸ ನೋಡು!"

ಅವಳು ಬಿರುಕಿಗೆ ಆಂಟೆನಾ ತುರುಕಿದಳು. ಮೇಲೆ ತಮ್ಮ ಲೆಕ್ಕ ತಿದ್ದಿದ. "ಇನ್ನೊಂಚೂರು ಎಡಕ್ಕೆ!" ಸರಿಸಿದಳು. ಅವನು ಮತ್ತೆ ತಿದ್ದಿದ. ಗೊರಗೊರ ಸದ್ದಿನ ನಡುವೆ ಭಾವನ ದನಿ ಮೂಡಿತು: "ಯಾರದು?"

"ಭಾವಾ, ಮೇಲೆ ಹತ್ತಿ! ನೀರು ಬರ್ತಿದೆ!"

"ಆರಿಸಿಟ್ಟ ಕಲ್ಲುಗಳು..."

"ನಿಮ್ಮ ಕಲ್ಲಿಗಿಷ್ಟು! ಮೊದಲು ಹತ್ರೀ!" ಅಕ್ಕ ನೇತಾಡುತ್ತಲೇ ಅರಚಿದಳು. ತಮ್ಮನ ಮೈಕಿನ ಮೂಲಕ ಅದೂ ಕೆಳಕ್ಕೆ ಕೇಳಿಸಿತು.

ಹೊತ್ತು ಇಳಿಯುವಾಗ ಕೆರೆ ಒಡೆಯಿತು. ಕಂದು ನೀರು ಕಮರಿಯ ಎರಡೂ ಗೋಡೆಗಳನ್ನು ಉಜ್ಜುತ್ತ ನುಗ್ಗಿ, ತಳದಲ್ಲಿದ್ದ ಅವರ ಡೇರೆಗಳನ್ನೆಲ್ಲ ಕೊಚ್ಚಿ ಒಯ್ದಿತು. ಡೇರೆಗಳಲ್ಲಿ ಯಾರೂ ಇರಲಿಲ್ಲ.

ಮೂವರೂ ಶಿಬಿರಕ್ಕೆ ಮರಳಿದಾಗ ಭಾವ ಮೈಯೆಲ್ಲ ಕೆಸರಾಗಿ ನಿಂತಿದ್ದ. ಅಕ್ಕ ಅವನನ್ನು ಬೈಯುತ್ತಲೇ ಅತ್ತಳು.

ದೊಡ್ಡ ಎಂಜಿನಿಯರ್ ಕೆಮ್ಮಿದರು. "ಕೊನೆಗೆ ಬದಲಾಯಿಸಿದ್ದು ಯಾವುದನ್ನ? ಆಂಟೆನಾನೋ, ಪ್ರೋಗ್ರಾಮೋ?"

"ಬಿಡಿಸಿ ಹೇಳೋಕೆ ನಮಗೂ ಬರಲ್ಲ ಸಾರ್," ಎಂದ ತಮ್ಮ.

ಅಕ್ಕ ಕಣ್ಣೊರೆಸಿಕೊಂಡಳು. "ಇನ್ಮೇಲೆ ನಮ್ಮಿಬ್ಬರಿಗೂ ಒಂದೇ ಮೇಜು. ಒಪ್ಪದಿದ್ರೆ ಮುಂದಿನ ಸಲ ಬೆಟ್ಟಕ್ಕೆ ನೀವೇ ಹೋಗಿ."

ಅವರು ಶಿಬಿರದ ಮೇಜಿಗೆ ಇನ್ನೊಂದು ಕುರ್ಚಿ ಎಳೆದು ಹಾಕಿದರು.