ಅವಳಿಗಳ ಗುಣಲಬ್ಧ

ಕೂಸಿನ ಪಾದವನ್ನು ಗಾಜಿನ ಮೇಲೆ ಒತ್ತಿದೊಡನೆ ಅಪವರ್ತನಿ ಯಂತ್ರದ ಪರದೆಯಲ್ಲಿ ಸಂಖ್ಯೆಯೊಂದು ಮೂಡಿತು: 10,01,60,063. ಮರುಕ್ಷಣವೇ ಅದರ ಕೆಳಗೆ ಕೆಂಪಕ್ಷರದಲ್ಲಿ: 10,007 × 10,009.

"ಒಡಕು ನಂಬರು. ನಮಗ ಬ್ಯಾಡ್ರಿ," ಎಂದ ತಂದೆ ಫಕ್ಕೀರಪ್ಪ. ಧಾರವಾಡದ ಆ ಹೆರಿಗೆ ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ಅವನು ಹಾಗೆಂದದ್ದು ಅದು ಹನ್ನೊಂದನೆಯ ಸಲ.

ರಾಜ್ಯದಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಸರದಿಯಂತೆ ಒಂದು ಪೂರ್ಣಾಂಕ ಸಿಗುತ್ತಿತ್ತು. ಜೀವಮಾನವಿಡೀ ಅದೇ ಗುರುತು. ಎಷ್ಟೇ ದೊಡ್ಡ ಸಂಖ್ಯೆಯನ್ನಾದರೂ ಕ್ಷಣದಲ್ಲಿ ಅದರ ಅಪವರ್ತನಗಳಾಗಿ ಬಿಡಿಸುವ ಈ ಯಂತ್ರವನ್ನು ಗಣಿತಜ್ಞೆ ವಿಶಾಲಾಕ್ಷಿ ಹಂಪಿಹೊಳಿ ರೂಪಿಸಿದ್ದು ನಕಲಿ ಗುರುತುಗಳನ್ನು ಹಿಡಿಯಲು. ಜನ ಅದಕ್ಕೆ ಬೇರೆಯೇ ಕೆಲಸ ಹಚ್ಚಿದರು. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಸಿಕ್ಕರೆ ಮಗು ಗಟ್ಟಿ, ಉಳಿದವರೆಲ್ಲ ಒಡಕು. ಒಡಕು ಹುಡುಗಿಗೆ ಗಂಡು ಸಿಗದು. ಬೇಡವೆಂದರೆ ಆ ಸಂಖ್ಯೆ ಬೇರೆ ಮಗುವಿಗೆ ಹೋಗುತ್ತಿತ್ತು, ಹೆತ್ತವರು ಮತ್ತೆ ಸರದಿಯಲ್ಲಿ ನಿಲ್ಲಬಹುದಿತ್ತು. ಆದರೆ ಸಂಖ್ಯೆಯಿಲ್ಲದ ಮಗುವಿಗೆ ಚಿಕಿತ್ಸೆಯಿಲ್ಲ.

ಯಂತ್ರದ ತಪಾಸಣೆಗೆ ಬಂದಿದ್ದ ವಿಶಾಲಾಕ್ಷಿ ಮೂಗು ಮುಚ್ಚಿಕೊಂಡಳು. ಕಾರಿಡಾರಿನುದ್ದಕ್ಕೂ ಚಾಪೆಗಳು, ಹುಳಿತ ಹಾಲು, ಒದ್ದೆ ಬಟ್ಟೆ. ಆ ನಾತಕ್ಕಿಂತ ಹೆಚ್ಚಾಗಿ ಅವಳಿಗೆ ವಾಕರಿಕೆ ತರಿಸಿದ್ದು ಗಟ್ಟಿ ಸಂಖ್ಯೆಗಾಗಿ ಅಲ್ಲಿ ಕಾದು ಕೂತವರ ಮುಖದ ತಾಳ್ಮೆ. ಫಕ್ಕೀರಪ್ಪನ ಹೆಂಡತಿ ದ್ಯಾಮವ್ವನ ಮಡಿಲಲ್ಲಿದ್ದ ಹೆಣ್ಣುಕೂಸು ಕಾಮಾಲೆಯಿಂದ ಅರಿಸಿನದಂತಾಗಿತ್ತು. ಅಳುವುದನ್ನೂ ಬಿಟ್ಟಿತ್ತು.

"ಇವತ್ತ ಚಿಕಿತ್ಸಾ ಸಿಗಲಿಲ್ಲಂದ್ರ ಕೂಸು ಉಳಿಯಂಗಿಲ್ಲ. ಈ ನಂಬರ್ ತಗೋರಿ," ಎಂದಳು ವಿಶಾಲಾಕ್ಷಿ.

"ನೀವು ಮಾಡಿದ ಮಷೀನೇ ಒಡಕು ಅಂತೈತಲ್ರೀ," ಎಂದ ಫಕ್ಕೀರಪ್ಪ.

"ಅದು ಹೇಳೋದು ಸಂಖ್ಯೆ ಬಗ್ಗೆ, ಕೂಸಿನ ಬಗ್ಗೆ ಅಲ್ಲ!"

ಅವನು ಮುಖ ತಿರುಗಿಸಿದ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು ಅವಳಿಗೆ. ಹಲ್ಲು ಕಚ್ಚಿಕೊಂಡು ಪರದೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡ್ರಿ. ಈ 10,007 ಅವಿಭಾಜ್ಯ. 10,009 ಸುದ್ದಾ ಅವಿಭಾಜ್ಯ. ನಡುವ ಎರಡರ ಅಂತರ ಅಷ್ಟ. ಇಂಥಾವಕ್ಕ ಗಣಿತದಾಗ ಅವಳಿ ಅಂತಾರ. ಅವಳಿಗಳನ್ನ ಗುಣಿಸಿ ಬಂದ ಸಂಖ್ಯೆ ಭಾಳ ಅಪರೂಪ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ದ್ಯಾಮವ್ವ ತಲೆಯೆತ್ತಿದಳು.

"ಒಂದರಾಗ ಎರಡು ಗಟ್ಟಿ ನಂಬರು ಅದಾವೇನ್ರಿ?"

"ಹೌದವಾ."

"ಹಂಗಾರ ಬರ್ಕೋರಿ." ಗಂಡನ ಕಡೆ ನೋಡದೆಯೇ ಅವಳು ಕೂಸಿನ ಪಾದವನ್ನು ಮತ್ತೆ ಗಾಜಿಗೆ ಒತ್ತಿದಳು.

ಕೂಸು ಬದುಕಿತು.

ತಿಂಗಳ ನಂತರ ವಿಶಾಲಾಕ್ಷಿ ಅಲ್ಲಿಗೆ ಬಂದಾಗ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಿಭಾಜ್ಯ ಸಂಖ್ಯೆ ಬಂದರೂ ಹೆತ್ತವರು ತಲೆಯಾಡಿಸುತ್ತಿದ್ದರು. "ಒಂಟಿ ನಂಬರು ಬ್ಯಾಡ್ರಿ."

ಬಾಣಂತಿಯೊಬ್ಬಳು ಅವಳ ಸೆರಗು ಹಿಡಿದಳು. "ಅಕ್ಕಾರ, ಮುಂದಿನ ಅವಳಿ ನಂಬರು ಯಾವಾಗ ಬರತೈತ್ರಿ?"

ಲೆಕ್ಕ ಮನಸ್ಸಿನಲ್ಲಿ ತಾನಾಗಿ ಮುಗಿಯಿತು. 10,037 × 10,039. ಅಂದರೆ 10,07,61,443. ಅದೂ ಒಂದೇ ಒಂದು ಮಗುವಿಗೆ.

"ಇನ್ನೂ ಐದು ಲಕ್ಷ ಕೂಸು ಹುಟ್ಟಬೇಕವಾ," ಎಂದಳು. ಈ ಸಲದ ಅಸಹ್ಯ ಅಲ್ಲಿ ಕೂತವರ ಮೇಲಷ್ಟೇ ಅಲ್ಲ, ತನ್ನ ಮೇಲೂ.

ಬಾಣಂತಿ ಚಾಪೆಯ ಮೇಲೆ ಗೋಡೆಯ ಕಡೆಗೆ ಸರಿದು ಮಗುವಿಗೆ ಬಟ್ಟೆ ಹೊದಿಸಿದಳು.

"ಆಗಲಿ ಬಿಡ್ರಿ," ಎಂದಳು. "ಕಾಯತೀವಿ."